ಡಬ್ಬ ನಮ್ಮದು, ಬೀಗ ಅವರದು

ನಮ್ಮ ಟೀಮಿನ ಹುಡುಗನೊಬ್ಬ ಉತ್ತರಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದಿದಾನೆ. ಊರಿಂದ ಅಪ್ಪ ಅಮ್ಮ ಬರ್ತಿದಾರೆ. ಟೀವಿ ಕೊಂಡಾಗಿದೆ, ಗೋಡೆಗೆ ಮೊಳೆ ಹೊಡೆಯೋಕೆ ಓನರ್ ಒಪ್ಪಿಗೆಯೂ ಸಿಕ್ಕಿದೆ. ಮೊನ್ನೆ ಊಟದ ಹೊತ್ತಿಗೆ ಕೇಳಿದ: "ಗುರು, ಡಿಶ್ ಹಾಕ್ಸಲಾ, ಕೇಬಲ್ ಹಾಕ್ಸಲಾ?"

ಕೇಳಿದ್ದೇ ತಡ, ಟೇಬಲ್ಲಿಗೆ ಟೇಬಲ್ಲೇ ಪಂಡಿತರ ಸಭೆ ಆಯ್ತು. ಒಬ್ಬನಿಗೆ ಕೇಬಲ್‌ನವರು ಅಂದ್ರೆ ರೌಡಿಗಳು. ಇನ್ನೊಬ್ಬಳಿಗೆ ಡಿಶ್ ಅಂದ್ರೆ ಮಳೆ ಬಂದಾಗ ಕಪ್ಪು ಪರದೆ. ಮೂರನೆಯವನು ಊಟದ ಡಬ್ಬಿಯಿಂದ ತಲೆ ಎತ್ತದೆ, "ಈ ಕಾಲದಲ್ಲಿ ಯಾರು ಟೀವಿ ನೋಡ್ತಾರೆ, ಫೈಬರ್ ಹಾಕ್ಸು, ಎಲ್ಲಾ ಆಪ್‌ನಲ್ಲಿ ಬರುತ್ತೆ" ಅಂದ. ನಾಲ್ಕನೆಯವನು ತನ್ನ ಹತ್ತಿರ ಒಂದು ಎಕ್ಸೆಲ್ ಶೀಟ್ ಇದೆ, ಕಳಿಸ್ತೀನಿ ಅಂದ. ಎಲ್ಲ ಕಂಪನಿಗಳ ಪ್ಯಾಕು, ಚಾನೆಲ್ಲು, ಎಚ್‌ಡಿ ಎಷ್ಟು, ಡಬ್ಬಕ್ಕೆಷ್ಟು, ಎಲ್ಲಾ ಇದೆಯಂತೆ.

ನಾನು ಸುಮ್ಮನೆ ಕೂತಿದ್ದೆ. ಯಾಕಂದ್ರೆ ಅಂಥ ಎಕ್ಸೆಲ್ ಮಾಡಿ ಕೆಟ್ಟವನು ನಾನು.

ಅಪ್ಪ ಹೋದ ಮೇಲೆ ಅಮ್ಮ ಊರಲ್ಲಿ ಒಬ್ಬಳೇ ಇದಾಳೆ. ತೀರ್ಥಹಳ್ಳಿ ಪೇಟೆಯ ಅಂಚಿನಲ್ಲಿ ನಮ್ಮ ಮನೆ. ಬೆಂಗಳೂರಿಗೆ ಬಾ ಅಂದ್ರೆ ಬರಲ್ಲ, ಬಂದ್ರೆ ಮೂರನೇ ದಿನಕ್ಕೆ ಬ್ಯಾಗು ತುಂಬ್ತಾಳೆ. ಅವಳ ಸಂಜೆ ಆರೂವರೆಯಿಂದ ಒಂಬತ್ತೂವರೆ ಟೀವಿಯದು. ಧಾರಾವಾಹಿ ಎರಡು, ನ್ಯೂಸ್ ಸ್ವಲ್ಪ, ಚಂದನದಲ್ಲಿ ಥಟ್ ಅಂತ ಹೇಳಿ. ಉತ್ತರ ಗೊತ್ತಾದ್ರೆ ಖಾಲಿ ಹಾಲ್‌ನಲ್ಲಿ ಗಟ್ಟಿಯಾಗಿ ಹೇಳ್ತಾಳೆ. ಮೊದಲೆಲ್ಲ ಅಪ್ಪನಿಗಿಂತ ಮುಂಚೆ ಹೇಳಬೇಕು ಅನ್ನೋ ಪೈಪೋಟಿ ಇತ್ತು. ಈಗ ಪೈಪೋಟಿಗೆ ಯಾರಿಲ್ಲ, ಆದ್ರೂ ಹೇಳ್ತಾಳೆ.

ಆ ಮನೆಗೆ ಮೊದಲಿಂದ ಕೇಬಲ್ ಇತ್ತು. 2019ರ ಫೆಬ್ರವರಿಯಲ್ಲಿ ಟ್ರಾಯ್‌ನ ಹೊಸ ದರದ ನಿಯಮ ಬಂತಲ್ಲ, ಬೇಕಾದ ಚಾನೆಲ್ಲಿಗೆ ಮಾತ್ರ ದುಡ್ಡು ಕೊಡಿ ಅಂತ, ಆಗ ನನಗೆ ಉತ್ಸಾಹ ಬಂತು. ಎಕ್ಸೆಲ್ ತೆರೆದೆ. ಒಂದು ಸಾಲಿಗೆ ಒಂದು ಕಂಪನಿ, ಹದಿನಾಲ್ಕು ಕಾಲಮ್ಮು. ಕೊನೆಗೆ ಒಂದು ಡಿಶ್ ಕಂಪನಿ ಗೆದ್ದಿತು. ಹೆಸರು ಬೇಡ. ಆನ್‌ಲೈನಿನಲ್ಲಿ ಬುಕ್ ಮಾಡಿದೆ, ಡಬ್ಬಕ್ಕೂ ಫಿಟ್ಟಿಂಗಿಗೂ ಸೇರಿ ಸಾವಿರದ ಎಂಟುನೂರು ಕೊಟ್ಟೆ. ವರ್ಷದ್ದು ಒಟ್ಟಿಗೆ ಕಟ್ಟಿದ್ರೆ ಒಂದು ತಿಂಗಳು ಫ್ರೀ ಅಂದ್ರು, ಕಟ್ಟಿದೆ. ಆಮೇಲೆ ಪ್ರತಿ ವರ್ಷವೂ ಹಾಗೇ ಕಟ್ಟುತ್ತಾ ಬಂದೆ. ಅಮ್ಮನಿಗೆ ಫೋನ್ ಮಾಡಿ, "ನಾಳೆ ಡಿಶ್ ಹಾಕೋಕೆ ಬರ್ತಾರೆ, ಕೇಬಲ್ ತೆಗೆಸಿಬಿಡು" ಅಂದೆ. "ಇರೋದಕ್ಕೆ ಏನಾಗಿತ್ತೋ?" ಅಂದಳು. ತಿಂಗಳಿಗೆ ಎಪ್ಪತ್ತು ರೂಪಾಯಿ ಉಳಿಯುತ್ತಮ್ಮ ಅಂದೆ. ಅವಳು ಮಾತಾಡಲಿಲ್ಲ. ಅಮ್ಮ ಮಾತಾಡಲಿಲ್ಲ ಅಂದ್ರೆ ಒಪ್ಪಿದಾಳೆ ಅಂತ ತಿಳ್ಕೊಳ್ಳೋದು ನಮ್ಮ ಮನೆಯ ಗಂಡಸರಿಗೆ ಅಪ್ಪನ ಕಾಲದಿಂದ ಬಂದ ಗುಣ.

ಇಲ್ಲಿ ಒಂದು ವಿಷಯ ಹೇಳಿಬಿಡ್ತೀನಿ. ಡಿಶ್ ಅಂದ್ರೆ ಉಪಗ್ರಹ, ಕೇಬಲ್ ಅಂದ್ರೆ ಬರೀ ವೈರು ಅಂತ ನಮ್ಮಲ್ಲಿ ಅರ್ಧ ಜನ ನಂಬಿದಾರೆ. ಹಾಗಲ್ಲ. ಕೇಬಲ್ಲಿಗೂ ಚಾನೆಲ್ ಬರೋದು ಬಹುಮಟ್ಟಿಗೆ ಮೇಲಿನಿಂದಲೇ. ವ್ಯತ್ಯಾಸ ಇರೋದು ತಟ್ಟೆ ಎಲ್ಲಿದೆ ಅನ್ನೋದರಲ್ಲಿ. ಕೇಬಲ್ ಕಂಪನಿಯವರು ಎಂಟು ಹತ್ತು ಅಡಿಯ ದೊಡ್ಡ ತಟ್ಟೆಗಳನ್ನು ತಮ್ಮ ಜಾಗದಲ್ಲಿ ಇಟ್ಟು, ಸಿ ಬ್ಯಾಂಡ್ ಅನ್ನೋ ಕಡಿಮೆ ಕಂಪನಾಂಕದಲ್ಲಿ ಹಿಡಿದು, ವೈರಿನಲ್ಲಿ ಮನೆಗೆ ಕಳಿಸ್ತಾರೆ. ಆ ಅಲೆಯ ಉದ್ದ ಏಳೆಂಟು ಸೆಂಟಿಮೀಟರು, ಮಳೆಗೆ ಅಷ್ಟಾಗಿ ಬಗ್ಗಲ್ಲ. ಡಿಶ್‌ನವರು ಬಳಸೋದು ಕೆಯು ಬ್ಯಾಂಡ್, ಅಲೆಯ ಉದ್ದ ಎರಡೂವರೆ ಸೆಂಟಿಮೀಟರಿನ ಹತ್ತಿರ. ಅದಕ್ಕೇ ನಿಮ್ಮ ಬಾಲ್ಕನಿಯಲ್ಲಿ ಹಿಡಿಸುವಷ್ಟು ಸಣ್ಣ ತಟ್ಟೆ ಸಾಕಾಗೋದು. ಆದರೆ ಆ ಸಣ್ಣ ಅಲೆಯನ್ನು ದಪ್ಪ ಹನಿಯ ಮಳೆ ನುಂಗುತ್ತೆ, ಚೆದುರಿಸುತ್ತೆ. ತುಂತುರಿಗೆ ಏನೂ ಆಗಲ್ಲ. ಮೋಡ ಕಟ್ಟಿ ಹೊಡೆಯೋಕೆ ಶುರುವಾದ್ರೆ ಮೊದಲು ಚಿತ್ರ ಚೌಕ ಚೌಕವಾಗಿ ಒಡೆಯುತ್ತೆ, ಆಮೇಲೆ ಏನೂ ಇಲ್ಲ. ಹಳೇ ಕೇಬಲ್ಲಿನಲ್ಲಿ ಪರದೆ ತುಂಬ ಇರುವೆ ಹರಿದಾಡಿದ್ರೂ ದನಿ ಕೇಳ್ತಿತ್ತು, ಸೊಸೆ ಅಳ್ತಿದಾಳೆ ಅಂತಾದ್ರೂ ಗೊತ್ತಾಗ್ತಿತ್ತು. ಡಿಜಿಟಲ್ಲಿನಲ್ಲಿ ಆ ಸೌಲಭ್ಯ ಇಲ್ಲ.

ನಾನು ಈ ತಟ್ಟೆಯನ್ನು ಹಾಕಿಸಿದ್ದು ಎಲ್ಲಿ? ಆಗುಂಬೆ ಇರುವ ತಾಲೂಕಿನಲ್ಲಿ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನ ಮಗ್ಗುಲಲ್ಲಿ. ಹದಿನಾಲ್ಕು ಕಾಲಮ್ಮಿನಲ್ಲಿ ಮಳೆಗೆ ಒಂದು ಕಾಲಮ್ ಇರಲಿಲ್ಲ.

ಆದರೂ ಮಳೆಯನ್ನು ನಾನು ಬೈಯಲ್ಲ. ಮಲೆನಾಡಿನ ಒಂಟಿ ಮನೆಗಳಿಗೆ, ತೋಟದ ನಡುವೆ ಇರೋರಿಗೆ, ಕೇಬಲ್ ಯಾವತ್ತೂ ಹೋಗಿರಲಿಲ್ಲ, ಮುಂದೆಯೂ ಹೋಗಲ್ಲ. ಎರಡು ಮನೆಗಾಗಿ ಎರಡು ಕಿಲೋಮೀಟರ್ ವೈರು ಎಳೆಯೋನು ಯಾರು? ಅಂಥವರಿಗೆ ಡಿಶ್ಶೇ ದೇವರು. ಇನ್ನೊಂದು ಗುಣವೂ ಅದಕ್ಕಿದೆ. ಕರೆಂಟ್ ಹೋದ್ರೆ ಮನೆಯ ಇನ್ವರ್ಟರಿನಲ್ಲೇ ಡಿಶ್ ಓಡುತ್ತೆ. ಕೇಬಲ್ಲಿಗೆ ನಿಮ್ಮ ಮನೆಯಲ್ಲಿ ಕರೆಂಟ್ ಇದ್ರೆ ಸಾಲದು, ರಸ್ತೆ ತುದಿಯ ಅವನ ಪೆಟ್ಟಿಗೆಯಲ್ಲೂ ಇರಬೇಕು. ಮರ ಬಿದ್ದು ವೈರು ಹರಿಯೋದು ಬೇರೆ. ಇವೆಲ್ಲ ತೂಗಿ ನೋಡಿದ್ರೆ ಸರಿಸುಮಾರು ಸಮ ಸಮ. ನನ್ನ ಜಗಳ ತಂತ್ರಜ್ಞಾನದ ಜೊತೆ ಅಲ್ಲ.

2022ರ ಜೂನ್. ಅಮ್ಮನ ಡಿಶ್ ಮೇಲೆ ಮಂಗ ಕೂತಿತು. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಲಸಿನ ಮರದಿಂದ ಹಂಚಿಗೆ ಹಾರುವಾಗ ನಡುವೆ ಒಂದು ಮೆಟ್ಟಿಲು ಸಿಕ್ಕಿದ್ರೆ ಅದು ಬಿಡುತ್ತಾ? ತಟ್ಟೆ ಒಂಚೂರು ವಾಲಿತು. 36 ಸಾವಿರ ಕಿಲೋಮೀಟರ್ ಆಚೆ ಇರೋದನ್ನು ನೋಡುವ ತಟ್ಟೆಗೆ ಒಂಚೂರು ಅಂದ್ರೆ ಎಲ್ಲಾ ಮುಗೀತು ಅಂತ. ಸಿಗ್ನಲ್ ಇಲ್ಲ.

ಅಮ್ಮ ಡಬ್ಬದ ಮೇಲಿದ್ದ ನಂಬರಿಗೆ ಫೋನ್ ಮಾಡಿದಳು. ಕನ್ನಡಕ್ಕೆ ಇಂಥದ್ದು ಒತ್ತಿ ಅಂತು, ಒತ್ತಿದಳು. ದೂರಿಗೆ ಇಂಥದ್ದು ಒತ್ತಿ ಅಂತು, ಒತ್ತಿದಳು. ಆಮೇಲೆ, ನೀವು ನೋಂದಾಯಿತ ನಂಬರಿನಿಂದ ಕರೆ ಮಾಡಿಲ್ಲ ಅಂತು. ನೋಂದಾಯಿತ ನಂಬರ್ ನನ್ನದು. ಓಟಿಪಿ ಬರೋದು ನನಗೆ. ನಾನು ಬೆಂಗಳೂರಲ್ಲಿ, ರಿಲೀಸ್ ವಾರ, ಫೋನ್ ಸೈಲೆಂಟ್. ಮನೆ ಅವಳದು, ಟೀವಿ ಅವಳದು, ನೋಡೋಳು ಅವಳು. ಗ್ರಾಹಕ ಮಾತ್ರ ನಾನು.

ರಾತ್ರಿ ವಿಷಯ ಹೇಳಿದಳು. ಮಾರನೇ ದಿನ ಆಪ್‌ನಲ್ಲಿ ದೂರು ಕೊಟ್ಟೆ. ಎರಡು ದಿನ ಆದ ಮೇಲೆ, ಸಮಸ್ಯೆ ಬಗೆಹರಿದಿದೆ ಅಂತ ಮೆಸೇಜ್ ಬಂತು. ಯಾರೂ ಬಂದಿರಲಿಲ್ಲ. ಮತ್ತೆ ದೂರು ಕೊಟ್ಟೆ. ಶಿವಮೊಗ್ಗದಿಂದ ಎಂಜಿನಿಯರ್ ಬರಬೇಕು ಸಾರ್, ಮಳೆ ಇದೆ ಸಾರ್ ಅಂದ್ರು. ಇನ್ನೊಂದು ಸಲ, ಗ್ರಾಹಕರು ಮನೆಯಲ್ಲಿರಲಿಲ್ಲ ಅಂತ ದೂರು ಮುಚ್ಚಿದ್ರು. ಮಳೆಗಾಲದಲ್ಲಿ ಅರವತ್ತೆಂಟು ವರ್ಷದ ಹೆಂಗಸು ಮನೆಯಲ್ಲಿರದೆ ಎಲ್ಲಿಗೆ ಹೋಗ್ತಾಳೆ? ಒಟ್ಟು ಒಂಬತ್ತು ದಿನ. ಒಂಬತ್ತನೇ ದಿನ ಒಬ್ಬ ಹುಡುಗ ಬಂದು, ಸ್ಪ್ಯಾನರ್ ತಗೊಂಡು, ಹತ್ತು ನಿಮಿಷದಲ್ಲಿ ತಟ್ಟೆ ತಿರುಗಿಸಿ, ವಿಸಿಟಿಂಗ್ ಚಾರ್ಜು ಇನ್ನೂರೈವತ್ತು ತಗೊಂಡು ಹೋದ. ಆ ಒಂಬತ್ತು ದಿನದ ಬಾಡಿಗೆಯೂ ನಮ್ಮ ಲೆಕ್ಕಕ್ಕೇ.

ನಾನು ಫೋನ್ ಮಾಡಿದಾಗೆಲ್ಲ ಅಮ್ಮ ಹೇಳ್ತಿದ್ದಿದ್ದು ಒಂದೇ: "ಬಿಡೋ ಮಾರಾಯಾ, ಒಂದು ವಾರ ಟೀವಿ ನೋಡದಿದ್ರೆ ಏನಾಗುತ್ತೆ." ಮುಂದಿನ ಶನಿವಾರ ಊರಿಗೆ ಹೋದೆ. ಪಕ್ಕದ ಮನೆಯ ಅಕ್ಕ ಹೇಳಿದ್ರು. ಅಮ್ಮ ಆ ದಿನಗಳಲ್ಲಿ ಸಂಜೆ ಏಳಕ್ಕೆ ಕೊಡೆ ಹಿಡಿದು ಅವರ ಮನೆಗೆ ಬಂದು, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಅರ್ಧ ಗಂಟೆ ಕೂತು, ಅವರ ಮಕ್ಕಳ ಪರೀಕ್ಷೆ ಓದು ಕೆಡುತ್ತೆ ಅಂತ ಎದ್ದು ಹೋಗ್ತಿದ್ದಳಂತೆ. ಮೊದಲ ಮೂರು ದಿನ. ಆಮೇಲೆ ಬರಲಿಲ್ಲವಂತೆ. ದೀಪ ಬೇಗ ಆರುತ್ತಿತ್ತಂತೆ.

ಎಪ್ಪತ್ತು ರೂಪಾಯಿ ಉಳಿಸಿದ್ದೆ ನಾನು, ತಿಂಗಳಿಗೆ.

ಅದೇ ವಾರ ಅದೇ ರಸ್ತೆಯಲ್ಲಿ ಮರ ಬಿದ್ದು ಕೇಬಲ್ ಹರಿದಿತ್ತು. ಸಂಜೆಗೆ ಕೇಬಲ್ ಹುಡುಗ ಏಣಿ ತಂದು ಕಟ್ಟಿ ಹೋದ. ಯಾಕೆ? ಅವನು ದೇವಮಾನವ ಅಂತಲ್ಲ. ಅವನ ಮನೆ ಅಲ್ಲೇ ಮೂರನೇ ತಿರುವಿನಲ್ಲಿದೆ, ಕಟ್ಟದೇ ಇದ್ರೆ ಮಾರನೇ ದಿನ ಹಾಲಿನ ಡೇರಿಯ ಹತ್ತಿರ ಹತ್ತು ಜನ ಹಿಡಿದು ಕೇಳ್ತಾರೆ. ನನ್ನ ಡಿಶ್ ಕಂಪನಿಯನ್ನು ಯಾವ ಡೇರಿಯ ಹತ್ತಿರ ಹಿಡಿಯೋದು?

ನಮ್ಮ ದೇಶದ ತಮಾಷೆ ನೋಡಿ. ಇಸ್ರೊದ ಉಪಗ್ರಹಗಳನ್ನು ಆಕಾಶದಲ್ಲಿ ಅವುಗಳ ಜಾಗ ಬಿಟ್ಟು ಅಲುಗದಂತೆ ಹಿಡಿಯೋ ಕೆಲಸ ನಡೆಯೋದು ನಮ್ಮ ಹಾಸನದಲ್ಲಿ. ಅಮ್ಮನ ಮನೆಯಿಂದ ಕೆಲವು ಗಂಟೆಯ ದಾರಿ. ಅಲ್ಲಿ ಕೂತು ಮೇಲಿರೋದನ್ನು ಸರಿ ಮಾಡ್ತಾರೆ. ಕೆಳಗೆ, ಹಂಚಿನ ಮೇಲಿನ ತಟ್ಟೆ ಸರಿ ಮಾಡೋಕೆ ಒಂಬತ್ತು ದಿನ.

ಈಗ ಊಟದ ಟೇಬಲ್ಲಿನ ರೌಡಿ ವಾದಕ್ಕೆ ಬರ್ತೀನಿ. ಅದರಲ್ಲಿ ಸುಳ್ಳಿಲ್ಲ. ತೊಂಬತ್ತರ ದಶಕದಲ್ಲಿ ಕೇಬಲ್ ಹಬ್ಬಿದ್ದೇ ಕಾನೂನು ಇಲ್ಲದೆ. ಅದಕ್ಕೊಂದು ಕಾಯ್ದೆ ಬಂದಿದ್ದು 1995ರಲ್ಲಿ. ಅಷ್ಟರಲ್ಲಿ ಕರೆಂಟ್ ಕಂಬದಿಂದ ತೆಂಗಿನ ಮರಕ್ಕೆ, ತೆಂಗಿನ ಮರದಿಂದ ನಮ್ಮ ಕಿಟಕಿಗೆ ವೈರು ಬಂದಾಗಿತ್ತು, ಏರಿಯಾಗಳು ಹಂಚಿಕೆ ಆಗಿದ್ವು. ಬೆಂಗಳೂರಲ್ಲಿ ನಾನು ಮೊದಲು ಇದ್ದ ರಸ್ತೆಯ ಕೇಬಲ್‌ನವನು, ಬೇರೆಯವರ ಹತ್ತಿರ ಹಾಕಿಸ್ಕೋತೀನಿ ಅಂದಿದ್ದಕ್ಕೆ, "ಹಾಕಿಸ್ಕೊಳ್ಳಿ ಸಾರ್, ಯಾರು ಬರ್ತಾರೆ ನೋಡೋಣ" ಅಂದಿದ್ದ. ಯಾರೂ ಬರಲಿಲ್ಲ. ಇರೋ ಕನೆಕ್ಷನ್ನು ಐದುನೂರು, ಲೆಕ್ಕ ತೋರಿಸೋದು ನೂರು, ಅನ್ನೋ ಕಾಲ ಅದು. ಆ ಕಳ್ಳಲೆಕ್ಕ ನಿಲ್ಲಿಸೋಕೂ ಸೇರಿ ಡಿಜಿಟಲ್ ಡಬ್ಬ ಕಡ್ಡಾಯ ಮಾಡಿದ್ರು. ಬೆಂಗಳೂರು ಮೈಸೂರಿಗೆ 2013ರ ಮಾರ್ಚ್ 31 ಗಡುವು. ಸಣ್ಣ ಊರುಗಳಿಗೆ ಆಮೇಲೆ ಬಂತು.

ಆದರೆ ಡಬ್ಬ ಬಂದ ಮೇಲೆ ರೌಡಿತನ ಹೋಯ್ತಾ? ಇಲ್ಲ. ಏರಿಯಾದಿಂದ ಡಬ್ಬದೊಳಗೆ ಹೋಯ್ತು. ನಾನು ಇಷ್ಟು ಹೊತ್ತು ಹೇಳಬೇಕು ಅಂತಿದ್ದಿದ್ದು ಇದನ್ನೇ.

ಅಮ್ಮನಿಗೆ ಮತ್ತೆ ಕೇಬಲ್ ಹಾಕಿಸೋ ಮೊದಲು ಒಂದು ಯೋಚನೆ ಬಂತು. ಈ ಡಿಶ್ ಕಂಪನಿ ಬೇಡ, ಇನ್ನೊಂದಕ್ಕೆ ಬದಲಾಯಿಸಿದ್ರೆ? ತಟ್ಟೆ ಇದೆ, ವೈರು ಇದೆ, ಡಬ್ಬ ಇದೆ. ಎಲ್ಲಾ ನನ್ನ ದುಡ್ಡು. ಮೊಬೈಲಿನಲ್ಲಿ 2011ರ ಜನವರಿಯಿಂದ ನಂಬರ್ ಕೂಡ ಬದಲಾಗದೆ ಕಂಪನಿ ಬದಲಿಸ್ತಿದೀವಿ. ಫೋನ್ ಅಂತೂ ನಮ್ಮದೇ, ಸಿಮ್ ತೆಗೆದು ಸಿಮ್ ಹಾಕಿದ್ರೆ ಮುಗೀತು. ಹೊಸ ಕಂಪನಿಗೆ ಫೋನ್ ಮಾಡಿ ಕೇಳಿದೆ. ಆ ಹುಡುಗಿಗೆ ನನ್ನ ಪ್ರಶ್ನೆಯೇ ಅರ್ಥ ಆಗಲಿಲ್ಲ. "ಸಾರ್, ನಮ್ಮ ಬಾಕ್ಸ್ ಬರುತ್ತೆ ಸಾರ್." ನನ್ನ ಹತ್ತಿರ ಬಾಕ್ಸ್ ಇದೆಯಮ್ಮ. "ಅದು ಅವರದು ಸಾರ್." ಅಲ್ಲ, ನಾನು ದುಡ್ಡು ಕೊಟ್ಟಿದೀನಿ. "ಹೌದು ಸಾರ್, ಆದ್ರೆ ಅವರದು."

ಎಸ್‌ಪಿ ರೋಡಿನಲ್ಲಿ ನನಗೆ ಗೊತ್ತಿರೋ ಅಂಗಡಿಯವರನ್ನು ಕೇಳಿದೆ. ಎಲ್ಲಾ ಕಂಪನಿಗೂ ಆಗೋ ಡಬ್ಬ ಇದೆಯಾ, ಇಲ್ಲಾಂದ್ರೆ ಈ ಡಬ್ಬಕ್ಕೆ ಬೇರೆ ಕಾರ್ಡ್ ಹಾಕೋ ಮಾಡ್ಯೂಲ್ ಇದೆಯಾ ಅಂತ. ಅವರು ನಕ್ಕು, ಡಬ್ಬ ತೂಕಕ್ಕೆ ಹಾಕೋದಾದ್ರೆ ಹೇಳಿ ಅಂದ್ರು.

ಇದು ನಿಯಮ ಇಲ್ಲದೆ ಆಗಿರೋದಲ್ಲ ಅನ್ನೋದೇ ಹೊಟ್ಟೆ ಉರಿಸೋದು. ಈ ದೇಶದಲ್ಲಿ ಮನೆಮನೆಗೆ ಡಿಶ್ ಬರೋ ಮೊದಲೇ, 2001ರ ಮಾರ್ಚಿನಲ್ಲಿ, ಕೇಂದ್ರ ಸರ್ಕಾರ ಡಿಟಿಎಚ್ ಲೈಸೆನ್ಸಿಗೆ ಮಾಡಿದ ಮಾರ್ಗಸೂಚಿಯಲ್ಲಿ ಬರೆದಿದೆ: ಡಬ್ಬ ಒಂದೇ ಕಂಪನಿಗೆ ಕಟ್ಟುಬಿದ್ದಿರಬಾರದು, ಒಂದು ಕಂಪನಿಯದು ಇನ್ನೊಂದಕ್ಕೆ ಹೊಂದಬೇಕು. ಕಾಗದದ ಮೇಲೆ ಎಷ್ಟು ಚೆನ್ನಾಗಿದೆ! ನಿಜದಲ್ಲಿ ಏನಾಯ್ತು ಅಂದ್ರೆ, ಬೇರೆ ಕಂಪನಿಯ ಮಾಡ್ಯೂಲ್ ಹಾಕೋಕೆ ಡಬ್ಬದಲ್ಲಿ ಒಂದು ಸಂದಿ ಇರಬೇಕು ಅನ್ನೋವರೆಗೆ ಬಂದು ಮಾತು ನಿಂತಿತು. ಆ ಸಂದಿಗೆ ಹಾಕೋ ಮಾಡ್ಯೂಲು ಎಸ್‌ಪಿ ರೋಡಿನಲ್ಲೇ ಇಲ್ಲ ಅಂದ್ಮೇಲೆ ತೀರ್ಥಹಳ್ಳಿಯಲ್ಲಿ ಎಲ್ಲಿಂದ ಬರಬೇಕು? 2020ರ ಏಪ್ರಿಲಿನಲ್ಲಿ ಟ್ರಾಯ್ ಮತ್ತೆ ಸರ್ಕಾರಕ್ಕೆ ಶಿಫಾರಸು ಮಾಡಿತು, ಗ್ರಾಹಕರಿಗೆ ಕೊಡುವ ಪ್ರತಿ ಡಬ್ಬವೂ ಹೊಂದಿಕೆ ಆಗುವಂತಿರಬೇಕು ಅಂತ. ಅದಾಗಿ ಎರಡು ವರ್ಷಕ್ಕೆ ನನ್ನ ಡಬ್ಬದ ಕತೆ ಇದು.

ಕಂಪನಿಗಳ ಉತ್ತರ ನನಗೆ ಗೊತ್ತಿದೆ. ಸಂಕೇತ ಕದಿಯೋರಿದಾರೆ, ಗೂಢಲಿಪಿ ಬೇಕು, ಪ್ರತಿಯೊಬ್ಬರದ್ದೂ ಬೇರೆ ಬೇರೆ ವ್ಯವಸ್ಥೆ, ಎಲ್ಲ ಸೇರಿಸಿದ್ರೆ ಡಬ್ಬ ದುಬಾರಿ ಆಗುತ್ತೆ, ನಾವು ಈಗಲೇ ಕಡಿಮೆ ಬೆಲೆಗೆ ಕೊಡ್ತಿದೀವಿ. ಕಡಿಮೆ ಬೆಲೆಗೆ ಕೊಡ್ತಿರೋದು ನಿಜ ಇರಬಹುದು. ಇಲಿಬೋನಿನಲ್ಲಿ ಕೊಬ್ಬರಿ ಚೂರೂ ಫ್ರೀನೇ.

ದರದ ವಿಷಯಕ್ಕೆ ಜಾಸ್ತಿ ಹೊತ್ತು ಬೇಡ, ಯಾಕಂದ್ರೆ ಅಲ್ಲಿ ಆಯ್ಕೆ ಅನ್ನೋದು ಇನ್ನೂ ದೊಡ್ಡ ನಾಟಕ. 2019ರ ನಿಯಮದಲ್ಲಿ ಮೊದಲ 100 ಚಾನೆಲ್ಲಿಗೆ ನೆಟ್‌ವರ್ಕ್ ಶುಲ್ಕ 130 ರೂಪಾಯಿವರೆಗೆ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ, ಅಂದ್ರೆ 153 ರೂಪಾಯಿ 40 ಪೈಸೆ. ಇದು ಬರೀ ಬಾಗಿಲು ತೆರೆಯೋಕೆ. ಮರುವರ್ಷ ಅಷ್ಟೇ ದುಡ್ಡಿಗೆ 200 ಚಾನೆಲ್ ಮಾಡಿದ್ರು. ಅಮ್ಮ ನೋಡೋದು ನಾಲ್ಕು. ಕಟ್ಟಿನಲ್ಲಿ ಸೇರಿಸಬೇಕಾದ್ರೆ ಒಂದು ಚಾನೆಲ್ಲಿನ ಬೆಲೆ 19 ರೂಪಾಯಿ ಮೀರಬಾರದು ಅಂದ್ರು. ಸರಿ, ಕನ್ನಡದ ದೊಡ್ಡ ಮನರಂಜನಾ ಚಾನೆಲ್ಲುಗಳೆಲ್ಲ ಹೋಗಿ 19ರ ಆಸುಪಾಸಿನಲ್ಲೇ ಕೂತವು. ಬಿಡಿಯಾಗಿ ತಗೊಂಡ್ರೆ ದುಬಾರಿ, ಕಟ್ಟಾಗಿ ತಗೊಂಡ್ರೆ ಅಗ್ಗ. ಕಟ್ಟಿನಲ್ಲಿ ಏನಿರುತ್ತೆ ಅಂತ ಕೇಳಬೇಡಿ. ಕಟ್ಟಿನ ರಿಯಾಯಿತಿಗೆ ಶೇಕಡಾ 15ರ ಮಿತಿ ಹಾಕೋಕೆ ಹೋದ್ರು, ಅದು ಮದ್ರಾಸ್ ಹೈಕೋರ್ಟಿನಲ್ಲಿ ಬಿದ್ದುಹೋಯ್ತು. ಹಾಗಾಗಿ ಡಿಶ್‌ಗೂ ಕೇಬಲ್ಲಿಗೂ ದರದಲ್ಲಿ ಕಾಣೋ ವ್ಯತ್ಯಾಸ ಬಹಳ ಸಲ ಹತ್ತಿಪ್ಪತ್ತು ರೂಪಾಯಿಯ ಆಟ. ನನ್ನ ಎಪ್ಪತ್ತು ರೂಪಾಯಿ ಕೂಡ ಎರಡನೇ ವರ್ಷಕ್ಕೆ ಮೂವತ್ತಕ್ಕೆ ಇಳಿದಿತ್ತು.

ಫೈಬರ್ ಅಣ್ಣನಿಗೂ ಎರಡು ಮಾತು. ಬೆಂಗಳೂರಲ್ಲಿ ನಿನಗದು ಸರಿ. ಆದರೆ ನಮ್ಮ ಅಮ್ಮಂದಿರು ಟೀವಿ ಹುಡುಕಲ್ಲ, ಹಾಕ್ತಾರೆ. ಏಳು ಗಂಟೆಗೆ ಏನು ಬರುತ್ತೆ ಅಂತ ಗೊತ್ತಿರುತ್ತೆ, ಗುಂಡಿ ಒತ್ತಿದ್ರೆ ಅದೇ ಬರಬೇಕು. ಲಾಗಿನ್ ಹೋಯ್ತು, ಅಪ್‌ಡೇಟ್ ಕೇಳ್ತಿದೆ, ಪ್ರೊಫೈಲ್ ಆರಿಸಿ ಅಂದ್ರೆ ಮತ್ತೆ ಫೋನ್ ಬರೋದು ನಿನಗೇ, ಮತ್ತೆ ನಿನ್ನ ಫೋನ್ ಸೈಲೆಂಟ್.

ಉತ್ತರಹಳ್ಳಿ ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಡಿಶ್ಶೋ ಕೇಬಲ್ಲೋ ಅಂತ ನಮ್ಮನ್ನಲ್ಲ, ನಿಮ್ಮ ಅಮ್ಮನ್ನ ಕೇಳು. ಪಕ್ಕದ ಮೂರು ಮನೆಯವರ ಹತ್ತಿರ ಹೋಗಿ, ಕೆಟ್ಟುಹೋದಾಗ ಯಾರು ಬರ್ತಾರೆ, ಎಷ್ಟು ದಿನಕ್ಕೆ ಬರ್ತಾರೆ ಅಂತ ಕೇಳು. ಚಿತ್ರ ಹೇಗಿದೆ ಅಂತ ಕೇಳಬೇಡ, ಎಲ್ಲರದ್ದೂ ಚೆನ್ನಾಗೇ ಇರುತ್ತೆ. ಡಬ್ಬ ಬಾಡಿಗೆಗೆ ಕೊಡ್ತಾರಾ ಕೇಳು. ತಿಂಗಳು ತಿಂಗಳು ಕಟ್ಟು, ಯಾರು ಏನೇ ಫ್ರೀ ಅಂದ್ರೂ ವರ್ಷದ್ದು ಕಟ್ಟಬೇಡ. ಬಿಡ್ತೀನಿ ಅನ್ನೋ ಹೆದರಿಕೆ ಒಂದೇ ನಿನ್ನ ಕೈಯಲ್ಲಿರೋ ಕೋಲು, ಅದನ್ನು ಹನ್ನೆರಡು ತಿಂಗಳಿಗೆ ಅಡ ಇಡಬೇಡ. ಮತ್ತೆ, ಕನೆಕ್ಷನ್ ನಿನ್ನ ನಂಬರಿನಲ್ಲಿ ಮಾಡಿಸಬೇಡ. ಅವರ ನಂಬರಿನಲ್ಲಿ ಮಾಡಿಸು.

"ಡಬ್ಬದ ಬಗ್ಗೆ ಸರ್ಕಾರಕ್ಕೆ ಏನಾದ್ರೂ ಬರೀಬಹುದಾ?" ಅಂದ. ಬರೀಬಹುದು. ಟ್ರಾಯ್ ಚರ್ಚಾಪತ್ರ ಬಿಟ್ಟಾಗೆಲ್ಲ ಯಾರು ಬೇಕಾದ್ರೂ ಅಭಿಪ್ರಾಯ ಕಳಿಸಬಹುದು. ಕಂಪನಿಗಳು ಪುಟಗಟ್ಟಲೆ ಕಳಿಸ್ತವೆ, ವಕೀಲರನ್ನಿಟ್ಟು ಕಳಿಸ್ತವೆ. ನಾವು ಎಕ್ಸೆಲ್ ಮಾಡ್ತೀವಿ. ನಾನೂ ಮುಂದಿನ ಸಲ ಬರೀತೀನಿ ಅಂದೆ, ಇಲ್ಲಿ ಬರೆದಿಡ್ತಿದೀನಿ, ಮರೆತರೆ ನೀವೇ ನೆನಪು ಮಾಡಿ.

ಅಮ್ಮನ ಮನೆಗೆ ಆ ಭಾನುವಾರವೇ ಕೇಬಲ್ ಬಂತು. ಅದೇ ಹಳೇ ಹುಡುಗ. ಅಟ್ಟದಿಂದ ನಮ್ಮ ಹಳೇ ಕೇಬಲ್ ಡಬ್ಬ ಇಳಿಸಿ, ಧೂಳು ಒರೆಸಿ ಕೊಟ್ಟೆ. ತಲೆ ಅಲ್ಲಾಡಿಸಿದ. ಅವನಿಗೆ ಸಿಗ್ನಲ್ ಕೊಡೋ ಕಂಪನಿ ನಡುವೆ ಬದಲಾಗಿದೆಯಂತೆ, ಇದು ಅದಕ್ಕೆ ಆಗಲ್ವಂತೆ. ಹೊಸದಕ್ಕೆ ಸಾವಿರದ ಇನ್ನೂರು. ಅವನ ಮುಖ ನೋಡಿದ್ರೆ ಅವನಿಗೂ ಇದು ಖುಷಿಯ ವಿಷಯ ಅಲ್ಲ ಅಂತ ಗೊತ್ತಾಗ್ತಿತ್ತು, ಊರಲ್ಲಿ ಮನೆ ಮನೆಗೂ ಹೋಗಿ ಇದೇ ಮಾತು ಹೇಳಿ ಬೈಸ್ಕೊಂಡಿದ್ದ. ದುಡ್ಡು ಕೊಟ್ಟೆ. ಯಾರ ನಂಬರ್ ಬರ್ಕೊಳ್ಳಲಿ ಅಂದ. ನಾನು ಬಾಯಿ ತೆಗೆಯೋ ಮೊದಲೇ ಅಮ್ಮ ತನ್ನ ನಂಬರ್ ಹೇಳಿದಳು.

ಅಟ್ಟದ ಮೇಲೆ ಈಗ ಮೂರು ಡಬ್ಬ ಇವೆ. ಹಳೇ ಕೇಬಲ್ಲಿಂದು, ಡಿಶ್ಶಿಂದು, ಬೆಂಗಳೂರಿನ ಹಿಂದಿನ ಮನೆಯಿಂದ ನಾನು ತಂದಿಟ್ಟಿದ್ದು ಒಂದು. ಮೊನ್ನೆ ಹಬ್ಬಕ್ಕೆ ಹೋದಾಗ ಸುಮ್ಮನೆ ಒಂದೊಂದನ್ನೇ ಪ್ಲಗ್ಗಿಗೆ ಹಾಕಿ ನೋಡಿದೆ. ಮೂರರಲ್ಲೂ ದೀಪ ಹತ್ತಿತು.